ಗಡಿಕಲ್ಲು ಸರಿಸುವ ಕೈಗಳೂ ನಮ್ಮ ಮೌನವೂ

ಹೊಲದ ಬದುವಿನಲ್ಲಿ ನೆಟ್ಟ ಗಡಿಕಲ್ಲನ್ನು ರಾತ್ರೋರಾತ್ರಿ ಕಿತ್ತು ಒಂದು ಗೇಣು ಆಚೆಗೆ ನೆಡುವವನು ಕಳ್ಳನೆಂಬುದನ್ನು ನಮ್ಮ ಯಾವ ಹಳ್ಳಿಯಲ್ಲಿಯೂ ವಿವರಿಸಿ ಹೇಳಬೇಕಾಗಿಲ್ಲ. ಅವನು ಕದ್ದದ್ದು ಬೆಳೆಯನ್ನಲ್ಲ, ಬೆಳೆ ಬರುವ ನೆಲವನ್ನೇ. ಭೂಮಿಯ ಗಡಿಗುರುತುಗಳನ್ನು ಬದಲಿಸುವವನನ್ನು ಪ್ರವಾದಿ ಮುಹಮ್ಮದ್(ಸ)ರು ಅಲ್ಲಾಹನ ಶಾಪಕ್ಕೆ ಗುರಿಯಾದವರ ಸಾಲಿನಲ್ಲಿ ಎಣಿಸಿದ್ದಾರೆ. ಹಝ್ರತ್ ಅಲಿ(ರ)ಯವರಿಂದ ವರದಿಯಾದ ಈ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ. ಅನ್ಯಾಯವಾಗಿ ಒಂದು ಗೇಣು ನೆಲವನ್ನು ಕಬಳಿಸಿದವನ ಕೊರಳಿಗೆ ಪುನರುತ್ಥಾನದ ದಿನ ಏಳು ಭೂಮಿಗಳನ್ನು ಸುತ್ತಲಾಗುವುದೆಂಬ ಎಚ್ಚರಿಕೆಯೂ ಹದೀಸ್ ಗ್ರಂಥಗಳಲ್ಲಿದೆ.

ಈ ಪ್ರವಾದಿ ವಚನಗಳನ್ನು ನಾವು ಹೊಲಕ್ಕೆ, ಹಿತ್ತಿಲಿಗೆ, ಅಣ್ಣತಮ್ಮಂದಿರ ಪಾಲುಪಟ್ಟಿಗೆ ಅನ್ವಯಿಸುತ್ತಾ ಬಂದಿದ್ದೇವೆ. ಆದರೆ ಕಣ್ಣಿಗೆ ಕಾಣದ ಇನ್ನೊಂದು ಗಡಿಕಲ್ಲು ಇದೆ. ನಮ್ಮ ಮನೆ ಯಾವ ವಿಧಾನಸಭಾ ಕ್ಷೇತ್ರಕ್ಕೆ ಸೇರಬೇಕು, ನಮ್ಮ ನೆರೆಯ ಬೀದಿ ಯಾವ ಕ್ಷೇತ್ರಕ್ಕೆ ಹೋಗಬೇಕು, ನಮ್ಮ ಊರಿಗೆ ಒಬ್ಬ ಶಾಸಕ ಸಿಗಬೇಕೇ ಅಥವಾ ಮೂರು ಊರುಗಳಿಗೆ ಒಬ್ಬನೇ ಸಾಕೇ ಎಂಬುದನ್ನು ನಿರ್ಧರಿಸುವ ಗೆರೆಯೇ ಆ ಗಡಿಕಲ್ಲು. ಆ ಗೆರೆಯನ್ನು ಮತ್ತೆ ಎಳೆಯುವ ಕಾಲ ಸಮೀಪಿಸಿದೆ. ಅದನ್ನು ಕ್ಷೇತ್ರ ಪುನರ್ವಿಂಗಡಣೆ ಎನ್ನುತ್ತಾರೆ. ನಮ್ಮ ಸಮುದಾಯದ ವೇದಿಕೆಗಳಲ್ಲಿ ಈ ವಿಷಯ ಅಪರೂಪಕ್ಕೆ ಕೇಳಿಬರುತ್ತದೆ. ಕೇಳಿಬಂದರೂ ಅದು ರಾಜಕಾರಣಿಗಳ ತಲೆನೋವು ಎಂಬ ಧೋರಣೆಯೇ ಕಾಣುತ್ತದೆ. ಈ ಧೋರಣೆ ತಪ್ಪೆಂದು ನಾವು ಇಲ್ಲಿ ಒತ್ತಿ ಹೇಳಬಯಸುತ್ತೇವೆ. ಗೆರೆ ಎಳೆಯುವುದು ಒಂದು ಅಳತೆ. ಅಳತೆಯ ನ್ಯಾಯವೆಂಬುದು ನಮ್ಮ ಧರ್ಮದ ವಿಷಯ.

ಮೊದಲು ಕಾನೂನಿನ ಸ್ಥಿತಿಯನ್ನು ತಿಳಿಯೋಣ. ಪ್ರತಿಯೊಂದು ರಾಜ್ಯದ ವಿಧಾನಸಭಾ ಕ್ಷೇತ್ರಗಳ ಜನಸಂಖ್ಯೆ ಸಾಧ್ಯವಾದಷ್ಟು ಸಮನಾಗಿರಬೇಕು, ಪ್ರತಿ ಜನಗಣತಿಯ ನಂತರ ಅದನ್ನು ಸರಿಹೊಂದಿಸಬೇಕು ಎಂಬುದು ಸಂವಿಧಾನದ 170ನೇ ವಿಧಿಯ ಆಶಯ. ಲೋಕಸಭೆಗೆ ಸಂಬಂಧಿಸಿ ಇದೇ ಮಾತನ್ನು 81 ಮತ್ತು 82ನೇ ವಿಧಿಗಳು ಹೇಳುತ್ತವೆ. ಆದರೆ 1976ರ 42ನೇ ತಿದ್ದುಪಡಿಯು 1971ರ ಜನಗಣತಿಯ ಆಧಾರದಲ್ಲಿ ಸ್ಥಾನಗಳ ಸಂಖ್ಯೆಯನ್ನು ಸ್ಥಗಿತಗೊಳಿಸಿತು. 2001ರ 84ನೇ ತಿದ್ದುಪಡಿಯು ಈ ಸ್ಥಗಿತವನ್ನು 2026ರ ನಂತರ ನಡೆಯುವ ಮೊದಲ ಜನಗಣತಿಯವರೆಗೆ ಮುಂದುವರಿಸಿತು. 2003ರ 87ನೇ ತಿದ್ದುಪಡಿಯ ಪ್ರಕಾರ ಸ್ಥಾನಗಳ ಸಂಖ್ಯೆಯನ್ನು ಮುಟ್ಟದೆ, ರಾಜ್ಯದೊಳಗಿನ ಗೆರೆಗಳನ್ನು ಮಾತ್ರ 2001ರ ಜನಗಣತಿಗೆ ಅನುಗುಣವಾಗಿ ಎಳೆಯಲಾಯಿತು. ಆ ಹೊಸ ಗೆರೆಗಳ ಮೇಲೆ ಮೊದಲು ಚುನಾವಣೆ ನಡೆದ ರಾಜ್ಯ ನಮ್ಮ ಕರ್ನಾಟಕವೇ, 2008ರಲ್ಲಿ. ಈಗ ಬರಲಿರುವ ಜನಗಣತಿಯ ಉಲ್ಲೇಖ ದಿನಾಂಕವನ್ನು 2027ರ ಮಾರ್ಚ್ 1 ಎಂದು ಸರಕಾರ ಅಧಿಸೂಚಿಸಿದೆ. ಅರ್ಥಾತ್ ಅರ್ಧ ಶತಮಾನದ ಬೀಗ ತೆರೆಯುವ ಕೀಲಿ ಸಿದ್ಧವಾಗುತ್ತಿದೆ.

ಪುನರ್ವಿಂಗಡಣೆಯೇ ಒಂದು ಸಂಚು ಎನ್ನುವವರು ನಮ್ಮಲ್ಲಿದ್ದಾರೆ. ನಾವು ಅವರ ಜೊತೆಗಿಲ್ಲ. 2023ರ ಚುನಾವಣೆಯಲ್ಲಿ ಬೆಂಗಳೂರು ದಕ್ಷಿಣ ವಿಧಾನಸಭಾ ಕ್ಷೇತ್ರದಲ್ಲಿ ಆರು ಲಕ್ಷಕ್ಕೂ ಹೆಚ್ಚು ಮತದಾರರಿದ್ದರೆ, ಶೃಂಗೇರಿಯಲ್ಲಿ ಎರಡು ಲಕ್ಷಕ್ಕಿಂತಲೂ ಕಡಿಮೆ ಇದ್ದರು. ಇಬ್ಬರು ಶಾಸಕರ ಮತವೂ ಸದನದಲ್ಲಿ ಒಂದೇ. ಹಾಗಾದರೆ ಮಹಾನಗರದ ಅಂಚಿನ ಬಡಾವಣೆಯಲ್ಲಿ ಬಾಡಿಗೆ ಮನೆಯಲ್ಲಿರುವ ಕೂಲಿಕಾರನ ಮತಕ್ಕೆ ಮಲೆನಾಡಿನ ಮತದಾರನ ಮತದ ಮೂರನೇ ಒಂದು ಪಾಲಿನಷ್ಟೂ ತೂಕವಿಲ್ಲವೆಂದಾಯಿತು. ಇದು ನ್ಯಾಯವೇ? ಜನ ಬೆಳೆದಂತೆ, ಜನ ವಲಸೆ ಹೋದಂತೆ ಗೆರೆಯೂ ಬದಲಾಗಲೇಬೇಕು. ಹಳೆಯ ಅಳತೆಯನ್ನೇ ಹಿಡಿದು ಕೂರುವುದು ಕೂಡ ಒಂದು ಬಗೆಯ ಕಡಿಮೆ ತೂಕವೇ.

ಪವಿತ್ರ ಕುರ್‌ಆನಿನಲ್ಲಿ ಅಲ್ ಮುತಫ್ಫಿಫೀನ್ ಎಂಬ ಅಧ್ಯಾಯವಿದೆ. ಅಳತೆ ತೂಕಗಳಲ್ಲಿ ವಂಚಿಸುವವರ ಹೆಸರನ್ನೇ ಅದು ಹೊತ್ತಿದೆ. ಜನರಿಂದ ಪಡೆಯುವಾಗ ತುಂಬಿಸಿ ಅಳೆದುಕೊಳ್ಳುವವರು, ಕೊಡುವಾಗ ಮಾತ್ರ ಕಡಿಮೆ ಅಳೆಯುವವರು ನಾಶವಾಗುವರೆಂದು ಆ ಅಧ್ಯಾಯದ ಆರಂಭವೇ ಎಚ್ಚರಿಸುತ್ತದೆ. ಮದ್‌ಯನ್ ಜನಾಂಗಕ್ಕೆ ಪ್ರವಾದಿ ಶುಐಬ್(ಅ)ರು ಏಕದೇವತ್ವದ ಜೊತೆಗೆ ಬೋಧಿಸಿದ್ದು ಇದನ್ನೇ: ಅಳತೆಯನ್ನು ಪೂರ್ತಿ ಕೊಡಿ, ಜನರಿಗೆ ಅವರ ವಸ್ತುಗಳನ್ನು ಕಡಿಮೆ ಮಾಡಬೇಡಿ. ಎರಡು ಸೇರು ಇಟ್ಟುಕೊಂಡು ಕೊಳ್ಳುವಾಗ ಒಂದನ್ನೂ ಮಾರುವಾಗ ಇನ್ನೊಂದನ್ನೂ ಬಳಸುವ ವ್ಯಾಪಾರಿಯ ಬಗ್ಗೆ ನಮ್ಮ ಖತೀಬರು ಗಂಟೆಗಟ್ಟಲೆ ಮಾತನಾಡಬಲ್ಲರು. ಎರಡು ಅಳತೆಗೋಲು ಇಟ್ಟುಕೊಂಡು ಕ್ಷೇತ್ರಗಳನ್ನು ಕೊಯ್ಯುವ ಸರಕಾರದ ಬಗ್ಗೆ ಮಿಂಬರ್ ಏಕೆ ಮೌನವಾಗಿರಬೇಕು?

ಎರಡು ಅಳತೆಗೋಲು ಎಂಬ ಮಾತನ್ನು ನಾವು ಆವೇಶದಿಂದ ಹೇಳುತ್ತಿಲ್ಲ. ಇತ್ತೀಚೆಗೆ ನಡೆದ ಎರಡು ಪುನರ್ವಿಂಗಡಣೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿರಿ.

ಜಮ್ಮು ಮತ್ತು ಕಾಶ್ಮೀರದಲ್ಲಿ ನ್ಯಾಯಮೂರ್ತಿ ರಂಜನಾ ಪ್ರಕಾಶ್ ದೇಸಾಯಿ ಅಧ್ಯಕ್ಷತೆಯ ಆಯೋಗವು 2022ರ ಮೇ 5ರಂದು ಅಂತಿಮ ಆದೇಶ ನೀಡಿತು. ಆಧಾರ 2011ರ ಜನಗಣತಿ. ಅದರ ಪ್ರಕಾರ ಕಾಶ್ಮೀರ ಕಣಿವೆಯಲ್ಲಿ ಸುಮಾರು 68.8 ಲಕ್ಷ, ಜಮ್ಮುವಿನಲ್ಲಿ ಸುಮಾರು 53.7 ಲಕ್ಷ ಜನ. ಸ್ಥಾನಗಳು 83ರಿಂದ 90ಕ್ಕೆ ಏರಿದವು. ಹೆಚ್ಚಿದ 7ರಲ್ಲಿ ಜಮ್ಮುವಿಗೆ 6, ಕಾಶ್ಮೀರಕ್ಕೆ 1. ಜನಸಂಖ್ಯೆಯೊಂದನ್ನೇ ನೋಡಿದ್ದರೆ ಕಾಶ್ಮೀರಕ್ಕೆ 50ರಷ್ಟು ಸ್ಥಾನ ಬರಬೇಕಿತ್ತು, ಬಂದದ್ದು 47. ದುರ್ಗಮ ಪ್ರದೇಶ, ಗಡಿಯ ಸಾಮೀಪ್ಯ, ಸಂಪರ್ಕದ ಕೊರತೆ ಇವುಗಳನ್ನು ಪರಿಗಣಿಸಲಾಗಿದೆ ಎಂಬ ಸಮರ್ಥನೆ ಬಂತು. ಅಂದರೆ ಅಲ್ಲಿ ಜನಸಂಖ್ಯೆಯೇ ಎಲ್ಲವೂ ಅಲ್ಲವೆಂದಾಯಿತು.

ಅಸ್ಸಾಮಿನಲ್ಲಿ ಚುನಾವಣಾ ಆಯೋಗವೇ ಈ ಕಾರ್ಯವನ್ನು ನಡೆಸಿ 2023ರ ಆಗಸ್ಟ್ 11ರಂದು ಅಂತಿಮ ಆದೇಶ ಹೊರಡಿಸಿತು. ಅಲ್ಲಿ 2011ರ ಗಣತಿ ಕೈಯಲ್ಲಿದ್ದರೂ 2001ರ ಗಣತಿಯನ್ನೇ ಆಧಾರವಾಗಿ ತೆಗೆದುಕೊಳ್ಳಲಾಯಿತು. ವಿಧಾನಸಭೆಯ 126 ಸ್ಥಾನಗಳು ಹಾಗೆಯೇ ಉಳಿದವು, ಬದಲಾದದ್ದು ಗೆರೆಗಳು. ಜಿಲ್ಲೆಗಳನ್ನು ಜನಸಾಂದ್ರತೆಗೆ ಅನುಗುಣವಾಗಿ ಮೂರು ವರ್ಗಗಳಾಗಿ ವಿಂಗಡಿಸಿ ಒಂದೊಂದಕ್ಕೂ ಬೇರೆ ಬೇರೆ ಸರಾಸರಿಯನ್ನು ಅನ್ವಯಿಸಲಾಯಿತು. ಫಲವಾಗಿ, ಜನ ದಟ್ಟವಾಗಿರುವ ಕಡೆ ಒಂದು ಕ್ಷೇತ್ರಕ್ಕೆ ಹೆಚ್ಚು ಜನ, ವಿರಳವಾಗಿರುವ ಕಡೆ ಕಡಿಮೆ ಜನ. ಮುಸ್ಲಿಮರು ಹೆಚ್ಚಾಗಿರುವ ಬಯಲು ಜಿಲ್ಲೆಗಳು ಯಾವ ವರ್ಗಕ್ಕೆ ಬಿದ್ದವೆಂದು ಬೇರೆ ಹೇಳಬೇಕಾಗಿಲ್ಲ. ಹೊಸ ಆಡಳಿತ ಘಟಕಗಳನ್ನು ರಚಿಸಬಾರದೆಂಬ ಆಯೋಗದ ನಿರ್ಬಂಧವು 2023ರ ಜನವರಿ 1ರಿಂದ ಜಾರಿಗೆ ಬರಲಿತ್ತು. ಅದರ ಹಿಂದಿನ ದಿನವೇ ರಾಜ್ಯ ಸಂಪುಟವು ನಾಲ್ಕು ಜಿಲ್ಲೆಗಳನ್ನು ಪಕ್ಕದ ಜಿಲ್ಲೆಗಳಲ್ಲಿ ವಿಲೀನಗೊಳಿಸಿತು. ಪುನರ್ವಿಂಗಡಣೆ ಮುಗಿದ ಮೇಲೆ ಆ ಜಿಲ್ಲೆಗಳು ಮತ್ತೆ ಜೀವ ಪಡೆದವು! ಮುಸ್ಲಿಮರು ಬಹುಸಂಖ್ಯಾತರಾಗಿದ್ದ ಕ್ಷೇತ್ರಗಳ ಸಂಖ್ಯೆ ಮೂವತ್ತರ ಆಸುಪಾಸಿನಿಂದ ಇಪ್ಪತ್ತರ ಆಸುಪಾಸಿಗೆ ಇಳಿಯಿತೆಂದು ಅಲ್ಲಿನ ವಿರೋಧ ಪಕ್ಷಗಳೂ ಪತ್ರಿಕೆಗಳೂ ಅಂದಾಜಿಸಿದವು. ಮೂಲನಿವಾಸಿಗಳ ಹಿತ ಉಳಿಯಿತೆಂದು ರಾಜ್ಯದ ಮುಖ್ಯಮಂತ್ರಿಯೇ ಇದನ್ನು ಬಹಿರಂಗವಾಗಿ ಸ್ವಾಗತಿಸಿದರು.

ಕಾನೂನಿನ ಪುಟಗಳಲ್ಲಿ ಒಂದೊಂದು ನಿರ್ಧಾರಕ್ಕೂ ಒಂದೊಂದು ಕಾರಣ ಸಿಗಬಹುದು. ಆದರೆ ಒಂದೆಡೆ ಹೊಸ ಗಣತಿ, ಇನ್ನೊಂದೆಡೆ ಹಳೆಯ ಗಣತಿ. ಒಂದೆಡೆ ಜನವಿರಳ ಪ್ರದೇಶಕ್ಕೆ ದುರ್ಗಮತೆಯ ರಿಯಾಯಿತಿ, ಇನ್ನೊಂದೆಡೆ ಜನದಟ್ಟಣೆಯೇ ಅಪರಾಧ. ಎರಡು ಕಡೆಯೂ ನಷ್ಟ ಅನುಭವಿಸಿದವರು ಮಾತ್ರ ಒಂದೇ ಸಮುದಾಯ. ಸೇರು ಬದಲಾದರೂ ಕಡಿಮೆ ಬೀಳುವ ಚೀಲ ಬದಲಾಗುವುದಿಲ್ಲವೆಂದಾದರೆ ಅದನ್ನು ಕಾಕತಾಳೀಯವೆಂದು ಒಪ್ಪಿಕೊಳ್ಳಲು ನಾವು ಸಿದ್ಧರಿಲ್ಲ.

ಗೆರೆಯಿಂದ ಮೋಸ ಮಾಡುವ ವಿಧಾನ ಸರಳವಾಗಿದೆ. ಮೂರು ಕ್ಷೇತ್ರಗಳಿರುವ ಒಂದು ಸೀಮೆಯಲ್ಲಿ ಮೂರನೇ ಒಂದು ಭಾಗ ಜನ ಒಂದೇ ಪಟ್ಟಣದಲ್ಲಿ ಒಟ್ಟಾಗಿ ಬದುಕುತ್ತಿದ್ದಾರೆಂದು ಊಹಿಸಿರಿ. ಪಟ್ಟಣವನ್ನು ಇಡಿಯಾಗಿ ಉಳಿಸಿದರೆ ಒಂದು ಕ್ಷೇತ್ರದಲ್ಲಿ ಅವರ ಧ್ವನಿ ಗಟ್ಟಿಯಾಗಿರುತ್ತದೆ. ಪಟ್ಟಣವನ್ನು ಮೂರು ಹೋಳು ಮಾಡಿ ಒಂದೊಂದನ್ನು ಸುತ್ತಲಿನ ಗ್ರಾಮಾಂತರಕ್ಕೆ ಅಂಟಿಸಿದರೆ ಎಲ್ಲಿಯೂ ಅವರ ಮಾತು ನಡೆಯುವುದಿಲ್ಲ. ಇದಕ್ಕೆ ವಿರುದ್ಧವಾದ ತಂತ್ರವೂ ಇದೆ: ಎರಡು ಕ್ಷೇತ್ರಗಳಲ್ಲಿ ಪ್ರಭಾವ ಬೀರಬಲ್ಲವರನ್ನೆಲ್ಲ ಒಂದೇ ಕ್ಷೇತ್ರಕ್ಕೆ ತುರುಕಿ ಇನ್ನೊಂದನ್ನು ಬರಿದು ಮಾಡುವುದು. ಮೂರನೆಯದು ಮೀಸಲು ಕ್ಷೇತ್ರಗಳ ಆಯ್ಕೆ. ಉತ್ತರ ಪ್ರದೇಶ, ಬಿಹಾರ, ಪಶ್ಚಿಮ ಬಂಗಾಳಗಳಲ್ಲಿ ಪರಿಶಿಷ್ಟ ಜಾತಿಯವರು ಹೆಚ್ಚಾಗಿರುವ ಕೆಲವು ಕ್ಷೇತ್ರಗಳು ಸಾಮಾನ್ಯವಾಗಿ ಉಳಿದು, ಮುಸ್ಲಿಮರು ಗಣನೀಯವಾಗಿರುವ ಕ್ಷೇತ್ರಗಳು ಮೀಸಲಾಗಿರುವುದನ್ನು 2006ರ ಸಾಚಾರ್ ಸಮಿತಿಯ ವರದಿಯು ಗುರುತಿಸಿ, ಹೆಚ್ಚು ವಿವೇಕಯುತ ಪುನರ್ವಿಂಗಡಣೆಯನ್ನು ಶಿಫಾರಸು ಮಾಡಿತ್ತು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಪರಿಶಿಷ್ಟ ಜಾತಿ, ಪಂಗಡಗಳ ಮೀಸಲಾತಿಯನ್ನು ನಾವು ಪ್ರಶ್ನಿಸುತ್ತಿಲ್ಲ. ಶತಮಾನಗಳ ಅನ್ಯಾಯಕ್ಕೆ ಅದು ಅಲ್ಪ ಪರಿಹಾರ. ದಲಿತ ಸಹೋದರರು ಹೆಚ್ಚಾಗಿರುವಲ್ಲಿಯೇ ಮೀಸಲು ಕ್ಷೇತ್ರವಿರಲಿ, ಇದರಿಂದ ಅವರಿಗೂ ನಿಜವಾದ ಪ್ರತಿನಿಧಿ ಸಿಗಲಿ ಎಂದಷ್ಟೇ ಕೇಳುತ್ತಿದ್ದೇವೆ. ಒಬ್ಬ ವಂಚಿತನ ಹೆಸರಿನಲ್ಲಿ ಇನ್ನೊಬ್ಬ ವಂಚಿತನ ಬಾಯಿ ಮುಚ್ಚಿಸುವುದು ಇಬ್ಬರಿಗೂ ಮಾಡುವ ಅಪಚಾರ.

ಈ ದೇಶದಲ್ಲಿ ಮುಸ್ಲಿಮರಿಗೆ ಮೀಸಲು ಕ್ಷೇತ್ರವಿಲ್ಲ. ಅದನ್ನು ನಾವು ಈಗ ಕೇಳುತ್ತಲೂ ಇಲ್ಲ. 1949ರ ಮೇ ತಿಂಗಳಲ್ಲಿ ಸಂವಿಧಾನ ರಚನಾ ಸಭೆಯು ಧಾರ್ಮಿಕ ಅಲ್ಪಸಂಖ್ಯಾತರ ಮೀಸಲು ಸ್ಥಾನಗಳನ್ನು ಕೈಬಿಡಲು ತೀರ್ಮಾನಿಸಿತು. ಮದ್ರಾಸಿನ ಮುಹಮ್ಮದ್ ಇಸ್ಮಾಯಿಲ್ ಸಾಹೇಬರಂತಹವರು ಭಿನ್ನಮತ ವ್ಯಕ್ತಪಡಿಸಿದರು. ಬೇಗಂ ಐಝಾಝ್ ರಸೂಲ್‌ರಂತಹವರು ಮೀಸಲು ಸ್ಥಾನಗಳು ಅಲ್ಪಸಂಖ್ಯಾತರನ್ನು ಉಳಿದವರಿಂದ ಶಾಶ್ವತವಾಗಿ ಬೇರ್ಪಡಿಸುತ್ತವೆಂದು ವಾದಿಸಿ ಅವುಗಳ ತ್ಯಾಗಕ್ಕೆ ಒಪ್ಪಿದರು. ಆ ಒಪ್ಪಿಗೆಯ ಹಿಂದೆ ಒಂದು ನಂಬಿಕೆಯಿತ್ತು: ಸಾಮಾನ್ಯ ಕ್ಷೇತ್ರದಲ್ಲಿ ಎಲ್ಲರ ಜೊತೆ ನಿಂತು ಎಲ್ಲರ ಮತ ಕೇಳುವ ನಮಗೆ ಆ ಕ್ಷೇತ್ರ ಪ್ರಾಮಾಣಿಕವಾಗಿಯೇ ಸಿಗುತ್ತದೆಂಬ ನಂಬಿಕೆ. ಬೇರೆ ಯಾವ ಭದ್ರತೆಯೂ ಇಲ್ಲದವನಿಗೆ ಗೆರೆಯ ಪ್ರಾಮಾಣಿಕತೆಯೇ ಏಕೈಕ ಭದ್ರತೆ. ಗೆರೆಯಲ್ಲಿ ಮೋಸವಾದರೆ ಮುರಿಯುವುದು ಒಂದು ಸ್ಥಾನವಲ್ಲ, 1949ರ ಆ ಕರಾರು.

ಈಗ ದಕ್ಷಿಣದ ರಾಜ್ಯಗಳ ಅಳಲಿಗೆ ಬರೋಣ. ಕುಟುಂಬ ಯೋಜನೆಯನ್ನು ಪಾಲಿಸಿ ಜನಸಂಖ್ಯೆಯನ್ನು ಹತೋಟಿಯಲ್ಲಿಟ್ಟ ದಕ್ಷಿಣಕ್ಕೆ ಲೋಕಸಭೆಯಲ್ಲಿ ತೂಕ ಕುಗ್ಗಬಾರದೆಂದು ಕರ್ನಾಟಕ, ತಮಿಳುನಾಡು, ಕೇರಳ, ತೆಲಂಗಾಣಗಳ ನಾಯಕರು ಹೇಳುತ್ತಿದ್ದಾರೆ. 2025ರ ಮಾರ್ಚ್‌ನಲ್ಲಿ ಚೆನ್ನೈಯಲ್ಲಿ ಇದಕ್ಕಾಗಿ ಜಂಟಿ ಸಭೆಯೂ ನಡೆಯಿತು. ದಕ್ಷಿಣದ ಐದು ರಾಜ್ಯಗಳಿಗೆ ಇಂದು 543ರಲ್ಲಿ 129 ಸ್ಥಾನಗಳಿವೆ. ಅದರಲ್ಲಿ ನಮ್ಮ ಪಾಲು 28. ಕನ್ನಡಿಗರಾಗಿ ನಾವೂ ಈ ಅಳಲಿನಲ್ಲಿ ಪಾಲುದಾರರು. ಸಂಖ್ಯೆಯ ಬಲದಿಂದಲೇ ಇನ್ನೊಬ್ಬರ ಧ್ವನಿಯನ್ನು ಅಡಗಿಸುವುದು ಸಲ್ಲದೆಂಬ ಅವರ ವಾದ ಸರಿಯಾದುದೇ. ಆದರೆ ಆ ವಾದವನ್ನು ರಾಜ್ಯದ ಗಡಿಯಲ್ಲಿಯೇ ನಿಲ್ಲಿಸುವಂತಿಲ್ಲ. ದೆಹಲಿಯೆದುರು ಅಲ್ಪಸಂಖ್ಯಾತನಾದ ಕನ್ನಡಿಗನಿಗೆ ಸಲ್ಲಬೇಕಾದ ನ್ಯಾಯವೇ ವಿಧಾನಸೌಧದೆದುರು ಅಲ್ಪಸಂಖ್ಯಾತರಾದವರಿಗೂ ಸಲ್ಲಬೇಕಲ್ಲವೇ? ದಕ್ಷಿಣದ ಪಾಲಿಗಾಗಿ ಗುಡುಗುವ ನಾಯಕರು ಕಾಶ್ಮೀರದ ಮತ್ತು ಅಸ್ಸಾಮಿನ ಗೆರೆಗಳ ಬಗ್ಗೆಯೂ ಅಷ್ಟೇ ಗಟ್ಟಿಯಾಗಿ ಮಾತನಾಡಿದ್ದರೆ ಅವರ ವಾದಕ್ಕೆ ಇಂದು ಇನ್ನಷ್ಟು ಬಲ ಇರುತ್ತಿತ್ತು. ಪಡೆಯುವಾಗ ತುಂಬಿದ ಅಳತೆ, ಕೊಡುವಾಗ ಕೊರತೆಯ ಅಳತೆ ಎಂಬುದು ದಕ್ಷಿಣದವರಿಗೂ ಹರಾಮ್.

ನಮ್ಮ ವಿಧಾನಸಭೆಯನ್ನೇ ನೋಡಿರಿ. 2011ರ ಗಣತಿಯ ಪ್ರಕಾರ ಕರ್ನಾಟಕದಲ್ಲಿ ಮುಸ್ಲಿಮರು ಶೇ. 12.92. 224 ಸದಸ್ಯರ ಸದನಕ್ಕೆ 2013ರಲ್ಲಿ 11, 2018ರಲ್ಲಿ 7, 2023ರಲ್ಲಿ 9 ಮಂದಿ ಮುಸ್ಲಿಮರು ಆಯ್ಕೆಯಾದರು. ಇದಕ್ಕೆಲ್ಲ ಗೆರೆಯೇ ಕಾರಣವೆಂದು ನಾವು ಹೇಳುವುದಿಲ್ಲ. ಟಿಕೆಟ್ ಹಂಚುವ ಪಕ್ಷಗಳ ಅಂಜಿಕೆ, ದ್ವೇಷ ಪ್ರಚಾರ, ನಮ್ಮೊಳಗಿನ ಒಡಕು ಎಲ್ಲವೂ ಕಾರಣಗಳೇ. ಮುಸ್ಲಿಮ್ ಶಾಸಕನೇ ಮುಸ್ಲಿಮರ ಪ್ರತಿನಿಧಿಯೆಂದೂ ನಾವು ನಂಬಿಲ್ಲ. ನಮ್ಮ ಮತ ಬೇಕಾದ ಯಾವ ಧರ್ಮದ ಶಾಸಕನೂ ನಮ್ಮ ಮಾತನ್ನು ಕೇಳಲೇಬೇಕಾಗುತ್ತದೆ. ಆದರೆ ಗೆರೆಯು ನಮ್ಮನ್ನು ಹೋಳು ಮಾಡಿದ ದಿನ, ನಮ್ಮ ಮತ ಯಾರಿಗೂ ಬೇಕಾಗುವುದಿಲ್ಲ. ಮುಸ್ಲಿಮ್ ಶಾಸಕನ ಸಂಖ್ಯೆ ಕುಗ್ಗುವುದಕ್ಕಿಂತ ಅಪಾಯಕಾರಿಯಾದುದು ಈ ಬೇಡದವರಾಗುವ ಸ್ಥಿತಿ.

ಈ ವಿಷಯ ಎತ್ತಿದ ಕೂಡಲೇ ಜನಸಂಖ್ಯಾ ಸ್ಫೋಟದ ಹಳೆಯ ಅಪವಾದ ಎದುರಾಗುತ್ತದೆ. ಸಂಸತ್ತಿನ ಸ್ಥಾನಕ್ಕಾಗಿ ಮುಸ್ಲಿಮರು ಮಕ್ಕಳನ್ನು ಹೆರುತ್ತಿದ್ದಾರಂತೆ! ಸರಕಾರದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಮುಸ್ಲಿಮ್ ಮಹಿಳೆಯರ ಒಟ್ಟು ಫಲವತ್ತತೆ ದರವು 1992–93ರಲ್ಲಿ 4.4 ಇದ್ದದ್ದು 2019–21ರಲ್ಲಿ 2.36ಕ್ಕೆ ಇಳಿದಿದೆ. ಬೇರಾವ ದೊಡ್ಡ ಸಮುದಾಯದಲ್ಲಿಯೂ ಇಳಿಕೆಯ ಪ್ರಮಾಣ ಇಷ್ಟಿಲ್ಲ. ಹೆಣ್ಣುಮಕ್ಕಳು ಓದಿದಲ್ಲೆಲ್ಲ, ಆರೋಗ್ಯ ಸೇವೆ ಸಿಕ್ಕಿದಲ್ಲೆಲ್ಲ ಎಲ್ಲ ಧರ್ಮದವರ ಕುಟುಂಬಗಳೂ ಚಿಕ್ಕದಾಗಿವೆ. ಇದೇ ವೇಳೆ, ನಮ್ಮ ಸಂಖ್ಯೆ ಹೆಚ್ಚಲಿ, ಆಗ ನೋಡಿಕೊಳ್ಳೋಣ ಎಂದು ವೇದಿಕೆಗಳಲ್ಲಿ ಅಬ್ಬರಿಸುವ ನಮ್ಮವರಿಗೂ ಒಂದು ಮಾತು. ಸಂಖ್ಯೆಯ ಹೆಮ್ಮೆ ಹುನೈನ್ ಯುದ್ಧದಲ್ಲಿ ಮುಸ್ಲಿಮರಿಗೆ ಯಾವ ಪ್ರಯೋಜನಕ್ಕೂ ಬರಲಿಲ್ಲವೆಂದು ಕುರ್‌ಆನ್ ನೆನಪಿಸುತ್ತದೆ. ನಾವು ಕೇಳಬೇಕಾದದ್ದು ನ್ಯಾಯ. ಎಣಿಕೆಯ ಬೆದರಿಕೆ ನ್ಯಾಯದ ಭಾಷೆಯಲ್ಲ.

ಹಾಗಾದರೆ ನ್ಯಾಯದ ಮಾದರಿ ಯಾವುದು? ಸೀರಾದ ಒಂದು ಘಟನೆಯತ್ತ ಓದುಗರ ಗಮನ ಸೆಳೆಯಬಯಸುತ್ತೇವೆ. ಹಿಜ್ರಾಕ್ಕೆ ಮುನ್ನ ಅಕಬಾದ ಎರಡನೇ ಪ್ರತಿಜ್ಞೆಯ ರಾತ್ರಿ ಯಸ್ರಿಬ್‌ನಿಂದ 73 ಪುರುಷರೂ 2 ಮಹಿಳೆಯರೂ ಬಂದಿದ್ದರು. ಅವರ ಪೈಕಿ ಪುರುಷರಲ್ಲಿ 62 ಮಂದಿ ಖಝ್ರಜ್ ಗೋತ್ರದವರು, 11 ಮಂದಿ ಔಸ್ ಗೋತ್ರದವರೆಂದು ಸೀರಾ ಗ್ರಂಥಗಳಲ್ಲಿದೆ. ಈ ಎರಡು ಗೋತ್ರಗಳ ನಡುವೆ ರಕ್ತಸಿಕ್ತ ವೈರದ ಇತಿಹಾಸವಿತ್ತು. ನಿಮ್ಮೊಳಗಿನಿಂದ ಹನ್ನೆರಡು ಪ್ರತಿನಿಧಿಗಳನ್ನು ನೀವೇ ಆರಿಸಿ ಕೊಡಿ ಎಂದು ಪ್ರವಾದಿ(ಸ)ರು ಹೇಳಿದರು. ಖಝ್ರಜ್‌ನಿಂದ 9, ಔಸ್‌ನಿಂದ 3 ನಕೀಬರು ಆಯ್ಕೆಯಾದರು. ಲೆಕ್ಕ ಹಾಕಿ ನೋಡಿರಿ: ಬರಿಯ ಎಣಿಕೆಯಂತೆ ಔಸ್‌ಗೆ ಇಬ್ಬರೂ ಪೂರ್ತಿಯಾಗಿ ಸಿಗುತ್ತಿರಲಿಲ್ಲ. ಹೆಚ್ಚು ಜನರಿದ್ದವರಿಗೆ ಹೆಚ್ಚು ಪ್ರತಿನಿಧಿಗಳು ಸಿಕ್ಕರು. ಕಡಿಮೆ ಜನರಿದ್ದವರ ಧ್ವನಿ ಅಡಗದಷ್ಟು ಪಾಲು ಅವರಿಗೂ ಸಿಕ್ಕಿತು. ಆಯ್ಕೆ ಅವರದೇ ಆಗಿತ್ತು. ಹುನೈನ್ ಯುದ್ಧದ ಬಳಿಕ ಹವಾಝಿನ್ ಗೋತ್ರದ ಸೆರೆಯಾಳುಗಳನ್ನು ಮರಳಿಸುವ ಪ್ರಶ್ನೆ ಬಂದಾಗ, ಗುಂಪಿನ ಕೂಗಿನಲ್ಲಿ ಯಾರು ಒಪ್ಪಿದರು, ಯಾರು ಒಪ್ಪಲಿಲ್ಲವೆಂದು ತಿಳಿಯದು, ನಿಮ್ಮ ನಿಮ್ಮ ಪ್ರತಿನಿಧಿಗಳ ಮೂಲಕ ತಿಳಿಸಿ ಎಂದು ಪ್ರವಾದಿ(ಸ)ರು ಜನರನ್ನು ಹಿಂದೆ ಕಳುಹಿಸಿದ್ದನ್ನು ಬುಖಾರಿಯಲ್ಲಿ ಓದುತ್ತೇವೆ. ಒಬ್ಬೊಬ್ಬನ ಅಭಿಪ್ರಾಯವೂ ತಲುಪಬೇಕಾದಲ್ಲಿಗೆ ತಲುಪಬೇಕೆಂಬ ಕಾಳಜಿ ಅದು.

ಈ ಬೆಳಕಿನಲ್ಲಿ ನೋಡಿದರೆ ದುರ್ಬಲರಿಗೆ, ದುರ್ಗಮ ಪ್ರದೇಶದವರಿಗೆ ತುಸು ರಿಯಾಯಿತಿ ಕೊಡುವುದು ತಪ್ಪಲ್ಲ. ಜಮ್ಮುವಿನ ಬೆಟ್ಟದ ಜನರಿಗೂ ಅದು ಸಲ್ಲಲಿ, ಕೊಡಗಿನ ಜನರಿಗೂ ಸಲ್ಲಲಿ. ಆದರೆ ಆ ರಿಯಾಯಿತಿಯ ನಿಯಮವನ್ನು ಮೊದಲೇ ಪ್ರಕಟಿಸಬೇಕು, ಎಲ್ಲ ಕಡೆಗೂ ಒಂದೇ ರೀತಿ ಅನ್ವಯಿಸಬೇಕು. ಫಲಿತಾಂಶವನ್ನು ಮೊದಲು ನಿಶ್ಚಯಿಸಿ ಆಮೇಲೆ ಅದಕ್ಕೊಪ್ಪುವ ನಿಯಮವನ್ನು ಹುಡುಕುವುದು ನ್ಯಾಯವಲ್ಲ.

ಇನ್ನು ನಮ್ಮ ವಿರುದ್ಧವೇ ಸಾಕ್ಷ್ಯ ನುಡಿಯುವ ಸರದಿ. ಸ್ವಂತ ವಿರುದ್ಧವಾದರೂ, ತಂದೆತಾಯಿಗಳ ವಿರುದ್ಧವಾದರೂ ನ್ಯಾಯಕ್ಕೆ ಸಾಕ್ಷಿಗಳಾಗಿ ನಿಲ್ಲಬೇಕೆಂಬುದು ಅನ್ನಿಸಾ ಅಧ್ಯಾಯದ ಆದೇಶ. 2008ರ ಪುನರ್ವಿಂಗಡಣೆಯಲ್ಲಿ ಬೆಂಗಳೂರಿನ ಸ್ಥಾನಗಳು 16ರಿಂದ 28ಕ್ಕೆ ಏರಿದವು. ದಕ್ಷಿಣ ಕನ್ನಡದ 9 ಸ್ಥಾನಗಳು 8 ಆದವು, ಉಡುಪಿಯ 6 ಸ್ಥಾನಗಳು 5 ಆದವು, ಕೊಡಗಿನ 3 ಸ್ಥಾನಗಳು 2 ಆದವು. ವಿಟ್ಲ, ಬ್ರಹ್ಮಾವರ, ಸೋಮವಾರಪೇಟೆ ಕ್ಷೇತ್ರಗಳು ನಕ್ಷೆಯಿಂದ ಮರೆಯಾದವು. ಜನಸಂಖ್ಯೆಯ ಲೆಕ್ಕದಲ್ಲಿ ಅದು ಸರಿಯಿದ್ದಿರಬಹುದು. ಆದರೆ ಕರಡು ಪ್ರಕಟವಾದ ದಿನಗಳಲ್ಲಿ ನಮ್ಮ ಎಷ್ಟು ಜಮಾಅತ್‌ಗಳು ಅದನ್ನು ತರಿಸಿ ಓದಿದವು? ಯಾವ ಗ್ರಾಮ ಯಾವ ಕ್ಷೇತ್ರಕ್ಕೆ ಸೇರಿತೆಂದು ನಕ್ಷೆ ಹಿಡಿದು ನೋಡಿದವರು ಎಷ್ಟು ಮಂದಿ? ಚುನಾವಣೆಯ ಹಿಂದಿನ ವಾರ ಮತಗಟ್ಟೆ ಎಲ್ಲಿದೆಯೆಂದು ವಿಚಾರಿಸುವಾಗಲೇ ಕ್ಷೇತ್ರ ಬದಲಾದ ವಿಷಯ ನಮ್ಮಲ್ಲಿ ಅನೇಕರಿಗೆ ತಿಳಿದದ್ದು.

2002ರ ಪುನರ್ವಿಂಗಡಣಾ ಕಾಯ್ದೆಯಲ್ಲಿ ನಾಗರಿಕನಿಗೆ ಒಂದು ಬಾಗಿಲು ಇತ್ತು. ಆಯೋಗವು ತನ್ನ ಪ್ರಸ್ತಾಪಗಳನ್ನು ರಾಜ್ಯಪತ್ರದಲ್ಲಿ ಪ್ರಕಟಿಸಬೇಕು, ಆಕ್ಷೇಪಣೆ ಸಲ್ಲಿಸಲು ದಿನಾಂಕ ಗೊತ್ತುಪಡಿಸಬೇಕು, ಆ ಬಳಿಕ ಬಹಿರಂಗ ಸಭೆ ನಡೆಸಬೇಕು. ಪ್ರತಿ ರಾಜ್ಯದಿಂದ ಸಂಸದರೂ ಶಾಸಕರೂ ಸಹಸದಸ್ಯರಾಗಿ ಕುಳಿತರೂ ಅವರಿಗೆ ಮತ ಹಾಕುವ ಹಕ್ಕಿರಲಿಲ್ಲ. ಆದ್ದರಿಂದ ನಮ್ಮ ಶಾಸಕ ನೋಡಿಕೊಳ್ಳುತ್ತಾನೆಂಬ ಸಮಾಧಾನಕ್ಕೂ ಅರ್ಥವಿಲ್ಲ. ಅಂತಿಮ ಆದೇಶ ಹೊರಬಿದ್ದ ಮೇಲೆ ಅದಕ್ಕೆ ಕಾನೂನಿನ ಬಲವಿರುತ್ತದೆ. ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವುದನ್ನು ಸಂವಿಧಾನದ 329ನೇ ವಿಧಿ ತಡೆಯುತ್ತದೆ. ತೀರಾ ಸ್ವೇಚ್ಛಾಚಾರದ ಆದೇಶವನ್ನು ಪರಿಶೀಲಿಸಲು ಅಡ್ಡಿಯಿಲ್ಲವೆಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆಯಾದರೂ ಅದು ಇಕ್ಕಟ್ಟಾದ ದಾರಿ. ಬಾಗಿಲು ತೆರೆದಿರುವಾಗ ಮಲಗಿದ್ದು, ಮುಚ್ಚಿದ ಮೇಲೆ ಗೋಡೆಗೆ ತಲೆ ಚಚ್ಚಿಕೊಳ್ಳುವುದು ತವಕ್ಕುಲ್ ಅಲ್ಲ. ಒಂಟೆಯನ್ನು ಕಟ್ಟಿಹಾಕಿ ಆಮೇಲೆ ಅಲ್ಲಾಹನ ಮೇಲೆ ಭರವಸೆಯಿಡುವುದೇ ತವಕ್ಕುಲ್ ಎಂದು ಪ್ರವಾದಿ(ಸ)ರು ಕಲಿಸಿದ್ದಾರೆ.

ಒಂಟೆಯನ್ನು ಕಟ್ಟುವ ಕೆಲಸ ಜನಗಣತಿಯಿಂದಲೇ ಆರಂಭವಾಗಬೇಕು. ಮದೀನಾದಲ್ಲಿ ಇಸ್ಲಾಮ್ ಸ್ವೀಕರಿಸಿದವರ ಹೆಸರುಗಳನ್ನು ಬರೆದು ಕೊಡಿರೆಂದು ಪ್ರವಾದಿ(ಸ)ರು ಕೇಳಿದಾಗ 1500 ಪುರುಷರ ಪಟ್ಟಿ ಸಿದ್ಧವಾಯಿತೆಂಬ ವರದಿ ಬುಖಾರಿಯಲ್ಲಿದೆ. ಎಣಿಕೆಗೆ ಹೆದರುವುದು ನಮ್ಮ ಪರಂಪರೆಯಲ್ಲ. ಪುನರ್ವಿಂಗಡಣೆಯ ಆಧಾರ ಮತದಾರರ ಪಟ್ಟಿಯಲ್ಲ, ಜನಸಂಖ್ಯೆ. ತೊಟ್ಟಿಲ ಕೂಸೂ ಹಾಸಿಗೆ ಹಿಡಿದ ಅಜ್ಜಿಯೂ ಲೆಕ್ಕಕ್ಕೆ ಬರುತ್ತಾರೆ. ಮನೆಯ ಹೆಣ್ಣುಮಕ್ಕಳ ಹೆಸರನ್ನು ಹೊರಗಿನವರಿಗೆ ಹೇಳಲು ಹಿಂಜರಿಯುವುದು, ಗಣತಿದಾರರು ಬಂದಾಗ ಬಾಗಿಲು ತೆರೆಯದಿರುವುದು ನಮ್ಮ ಪಾಲನ್ನು ನಾವೇ ಬಿಟ್ಟುಕೊಟ್ಟಂತೆ. ಹಾಗೆಂದು ಸುಳ್ಳು ಬರೆಸುವುದೂ ಸಲ್ಲದು. ವರ್ಷಗಳಿಂದ ಗಲ್ಫ್‌ನಲ್ಲಿ ದುಡಿಯುತ್ತಿರುವ ಮಗನನ್ನು ಮನೆಯಲ್ಲಿಯೇ ಇದ್ದಾನೆಂದು ಬರೆಸುವುದು ಅಳತೆಯ ಮೋಸವೇ. ಅವನಿಲ್ಲದ ಕಾರಣ ಕರಾವಳಿಯ ಎಣಿಕೆ ತಗ್ಗುವುದು ನಮಗೆ ನೋವಿನ ಸಂಗತಿಯಾದರೂ, ಇತರರಿಂದ ನೇರ ಅಳತೆಯನ್ನು ಬಯಸುವ ನಾವು ಕಳ್ಳ ಅಳತೆಯನ್ನು ಕೊಡುವಂತಿಲ್ಲ.

ಎರಡನೆಯದಾಗಿ, ಪ್ರತಿ ತಾಲೂಕಿನಲ್ಲಿ ನಕ್ಷೆ ಓದಬಲ್ಲ, ಕಾನೂನು ತಿಳಿದ ನಾಲ್ಕಾರು ಯುವಕ ಯುವತಿಯರ ತಂಡವೊಂದು ಈಗಲೇ ಸಿದ್ಧವಾಗಬೇಕು. ಗ್ರಾಮವಾರು, ವಾರ್ಡುವಾರು ಜನಸಂಖ್ಯೆಯನ್ನು ಕಲೆಹಾಕಬೇಕು. ಕರಡು ಬಂದ ವಾರದೊಳಗೆ ಆಕ್ಷೇಪಣೆಯನ್ನು ಭಾವಾವೇಶವಿಲ್ಲದೆ, ಅಂಕಿಅಂಶ ಸಹಿತ ಬರೆಯಬೇಕು. ಆ ತಂಡ ಮುಸ್ಲಿಮರದು ಮಾತ್ರ ಆಗಿರಬಾರದು. ಒಂದೇ ಮಾರುಕಟ್ಟೆ, ಒಂದೇ ಶಾಲೆ, ಒಂದೇ ಬಸ್ ಮಾರ್ಗವನ್ನು ಹಂಚಿಕೊಂಡ ಊರನ್ನು ಗೆರೆ ಸೀಳಿದರೆ ನಷ್ಟವಾಗುವುದು ಎಲ್ಲರಿಗೂ. ದಲಿತ ಸಂಘಟನೆಗಳು, ರೈತರು, ಮೀನುಗಾರರು, ಕ್ರೈಸ್ತ ಬಾಂಧವರು ಎಲ್ಲರೊಂದಿಗೆ ಕುಳಿತು ಸಲ್ಲಿಸಿದ ಆಕ್ಷೇಪಣೆಗೆ ಬೇರೆಯೇ ತೂಕವಿರುತ್ತದೆ. ಮೂರನೆಯದಾಗಿ, 2023ರ 106ನೇ ತಿದ್ದುಪಡಿಯಂತೆ ಶಾಸನಸಭೆಗಳಲ್ಲಿ ಮಹಿಳೆಯರಿಗೆ ಮೂರನೇ ಒಂದು ಸ್ಥಾನ ಮೀಸಲಾಗುವುದು ಮುಂದಿನ ಪುನರ್ವಿಂಗಡಣೆಯ ಬಳಿಕ. ಆ ದಿನಕ್ಕೆ ನಮ್ಮ ಹೆಣ್ಣುಮಕ್ಕಳನ್ನು ನಾವು ಸಿದ್ಧಗೊಳಿಸಿದ್ದೇವೆಯೇ? ಅಕಬಾದ ಆ ರಾತ್ರಿ ಇಬ್ಬರು ಮಹಿಳೆಯರೂ ಪ್ರತಿಜ್ಞೆಗೆ ಬಂದಿದ್ದರೆಂಬುದನ್ನು ಮರೆಯದಿರೋಣ.

ಆಡಳಿತ ನಡೆಸುವವರಿಗೆ ನಮ್ಮ ಬೇಡಿಕೆ ಇಷ್ಟೇ. ಗೆರೆ ಎಳೆಯುವ ನಿಯಮವನ್ನು ಗೆರೆ ಎಳೆಯುವ ಮುನ್ನ ಪ್ರಕಟಿಸಿರಿ. ಎಲ್ಲ ರಾಜ್ಯಗಳಿಗೂ ಎಲ್ಲ ಜಿಲ್ಲೆಗಳಿಗೂ ಒಂದೇ ಗಣತಿ, ಒಂದೇ ಅಳತೆಗೋಲು ಇರಲಿ. ಜನವಸತಿಗಳನ್ನು ಸೀಳಬೇಡಿರಿ. ಮೀಸಲು ಕ್ಷೇತ್ರ ಮೀಸಲಾತಿಗೆ ಅರ್ಹರಾದವರು ಹೆಚ್ಚಿರುವಲ್ಲಿಯೇ ಇರಲಿ. ಕರಡನ್ನು ಕನ್ನಡದಲ್ಲಿ, ಗ್ರಾಮಮಟ್ಟದ ನಕ್ಷೆ ಸಹಿತ ಪ್ರತಿ ಪಂಚಾಯತಿಯಲ್ಲಿ ಇಡಿರಿ. ಓದಲು, ಉತ್ತರಿಸಲು ಸಾಕಷ್ಟು ಕಾಲಾವಕಾಶ ಕೊಡಿರಿ. ಒಂದೇ ಒಂದು ಸ್ಥಾನವನ್ನೂ ನಾವು ಹೆಚ್ಚುವರಿಯಾಗಿ ಕೇಳುತ್ತಿಲ್ಲ. ಹೆಚ್ಚು ಕೇಳುವುದನ್ನು ನಮ್ಮ ಧರ್ಮ ಒಪ್ಪುವುದಿಲ್ಲ. ಕಡಿಮೆ ಕೊಡುವುದನ್ನು ಸಹಿಸಿ ಸುಮ್ಮನಿರುವುದನ್ನೂ ಅದು ಒಪ್ಪುವುದಿಲ್ಲ.

ನುಅಮಾನ್ ಬಿನ್ ಬಶೀರ್(ರ)ರ ತಂದೆ ಒಬ್ಬ ಮಗನಿಗೆ ಮಾತ್ರ ಉಡುಗೊರೆ ಕೊಟ್ಟು ಅದಕ್ಕೆ ಸಾಕ್ಷಿಯಾಗಿರೆಂದು ಪ್ರವಾದಿ(ಸ)ರನ್ನು ಕೇಳಿದಾಗ, ಎಲ್ಲ ಮಕ್ಕಳಿಗೂ ಹೀಗೆಯೇ ಕೊಟ್ಟಿರುವೆಯಾ ಎಂದು ಅವರು ವಿಚಾರಿಸಿದರು. ಇಲ್ಲವೆಂಬ ಉತ್ತರ ಬಂದಾಗ ಅನ್ಯಾಯಕ್ಕೆ ಸಾಕ್ಷಿಯಾಗಲು ನಿರಾಕರಿಸಿದರು. ದೇಶವು ತನ್ನ ಮಕ್ಕಳಿಗೆ ಪಾಲು ಹಂಚುವ ದಿನ ಹತ್ತಿರವಾಗುತ್ತಿದೆ. ಪಾಲು ಸಮನಾಗಿದ್ದರೆ ನಾವು ಸಂತೋಷದಿಂದ ಸಾಕ್ಷಿ ಹಾಕೋಣ. ಇಲ್ಲದಿದ್ದರೆ ನಮ್ಮ ಮೌನವೇ ಆ ಅನ್ಯಾಯದ ಕಾಗದದ ಮೇಲೆ ನಮ್ಮ ಸಾಕ್ಷಿ ರುಜುವಾಗುತ್ತದೆ. ಯಾವುದೇ ಜನರ ಮೇಲಿನ ದ್ವೇಷವು ನಮ್ಮನ್ನು ನ್ಯಾಯದಿಂದ ಕದಲಿಸದಿರಲಿ, ಯಾರ ಭಯವೂ ನಮ್ಮ ಬಾಯಿಯನ್ನು ಮುಚ್ಚಿಸದಿರಲಿ. ತಕ್ಕಡಿಯನ್ನು ನೇರವಾಗಿ ಹಿಡಿಯುವವರ ಸಾಲಿನಲ್ಲಿ ಅಲ್ಲಾಹನು ನಮ್ಮೆಲ್ಲರನ್ನೂ ಸೇರಿಸಲಿ. ಆಮೀನ್.